ಜಾವಾ ಮೀಟರ್ ದುರಸ್ತಿ
ಹಳೆಯ ಜಾವಾ, ಯೆಜ್ದಿ ಬೈಕುಗಳ ಸ್ಪೀಡೋಮೀಟರನ್ನು ಬಿಚ್ಚಿ, ಶುಚಿಮಾಡಿ, ಮತ್ತೆ ಸರಿಯಾದ ವೇಗ ತೋರಿಸುವಂತೆ ಮಾಡುವ ಕುಶಲ ಕೆಲಸ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಈ ಬೈಕುಗಳನ್ನು ತಯಾರಿಸಿತು.

ಮೊದಲ ಜಾವಾಗಳಲ್ಲಿ ಮೀಟರು ಹೆಡ್‌ಲೈಟಿನ ಮೇಲ್ಭಾಗದಲ್ಲೇ ಕೂತಿರುತ್ತದೆ. ಕೇಬಲ್ಲು ಒಳಗಿನ ಅಯಸ್ಕಾಂತವನ್ನು ತಿರುಗಿಸುತ್ತದೆ. ಅದಕ್ಕೆ ತಾಗದೆ ನಿಂತ ಅಲ್ಯೂಮಿನಿಯಂ ಬಟ್ಟಲು ಸುಳಿವಿದ್ಯುತ್ತಿನ ಸೆಳೆತಕ್ಕೆ ಹೊರಳುತ್ತದೆ, ಕೂದಲೆಳೆಯಂಥ ಸ್ಪ್ರಿಂಗು ಅದನ್ನು ಹಿಂದಕ್ಕೆಳೆಯುತ್ತದೆ. ಈ ಎರಡರ ಹಗ್ಗಜಗ್ಗಾಟವೇ ಬಟ್ಟಲಿಗೆ ಜೋಡಿಸಿದ ಮುಳ್ಳಿನ ಸ್ಥಾನವನ್ನು ನಿರ್ಧರಿಸುತ್ತದೆ.

ಮೀಟರು ಎಷ್ಟೋ ಸಲ ಕೆಡುವುದು ಗ್ರೀಸಿನಿಂದ. ಕೇಬಲ್ಲಿನ ಮೇಲ್ತುದಿಗೂ ಧಾರಾಳವಾಗಿ ಗ್ರೀಸು ಮೆತ್ತಿದರೆ ಅದು ಒಳಗೆ ಏರಿ ಬಟ್ಟಲನ್ನು ಅಂಟಿಸುತ್ತದೆ, ಮುಳ್ಳು ಕುಣಿಯತೊಡಗುತ್ತದೆ. ಬಿಚ್ಚುವಾಗ ಗಾಜಿನ ಸುತ್ತಲಿನ ರಿಂಗಿನ ಮಡಿಕೆಯನ್ನು ಒಂದೇ ಕಡೆ ಮೀಟಬಾರದು. ಮೊಂಡು ಉಪಕರಣದಿಂದ ಸುತ್ತಲೂ ಸ್ವಲ್ಪಸ್ವಲ್ಪವೇ ಎತ್ತಬೇಕು. ಅಯಸ್ಕಾಂತ ಸೊರಗಿದ್ದರೆ ವೇಗ ಕಡಿಮೆ ತೋರುತ್ತದೆ, ಅದಕ್ಕೆ ಮತ್ತೆ ಕಾಂತತ್ವ ತುಂಬಬೇಕಾಗುತ್ತದೆ. ಮಾಸಿದ ಡಯಲ್ಲನ್ನು ಓದಲು ಬರುವಷ್ಟಿದ್ದರೆ ಹಾಗೇ ಉಳಿಸುವುದು ಲೇಸು: ಹೊಸ ಮುದ್ರಣದಲ್ಲಿ ಮೂಲ ಅಕ್ಷರಗಳ ರೂಪ ಕೂಡಿಬರುವುದು ಅಪರೂಪ.