ಮಡಿಕೇರಿಯ ವೃತ್ತಗಳು, ಮನೆಯಲ್ಲಿರುವ ಯೋಧರು

ಮಡಿಕೇರಿಯಲ್ಲಿ ದಾರಿ ಹೇಳುವಾಗ ಯೋಧರ ಹೆಸರು ಬಾರದೆ ಇರದು. ಜನರಲ್ ತಿಮ್ಮಯ್ಯ ವೃತ್ತ, ದೇವಯ್ಯ ವೃತ್ತ ಎನ್ನುವುದು ಇಲ್ಲಿನ ಆಟೋದವರಿಗೂ ಶಾಲೆಯ ಮಕ್ಕಳಿಗೂ ದಿನದ ಮಾತು. ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' ಬಹುಕಾಲ ಆರ್‌ಟಿಒ ಕಚೇರಿಯಾಗಿತ್ತು. 2021ರ ಫೆಬ್ರುವರಿಯಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅವರು ತೀರಿಕೊಂಡದ್ದು 1965ರಲ್ಲಿ, ದೂರದ ಸೈಪ್ರಸ್‌ನಲ್ಲಿ.

ಗೌರವ ಬದುಕಿದ್ದಾಗಲೇ ಕೈಸೇರಿದ ಉದಾಹರಣೆಯೂ ಈ ಊರಲ್ಲೇ ಇದೆ. 1953ರಲ್ಲಿ ಸೇನೆಯಿಂದ ನಿವೃತ್ತರಾಗಿ, ಮುಂದೆ ಇಲ್ಲಿನ ತಮ್ಮ ಮನೆ 'ರೋಶನಾರಾ'ದಲ್ಲಿ ನೆಲೆಸಿದ ಕಾರ್ಯಪ್ಪನವರಿಗೆ ಫೀಲ್ಡ್ ಮಾರ್ಷಲ್ ಪದವಿ ಬಂದದ್ದು 1986ರಲ್ಲಿ. ಆಗ ಅವರಿಗೆ 87 ವರ್ಷ. ತಡವಾಯಿತು, ನಿಜ, ಆದರೂ ಬೇಟನ್ನನ್ನು ತಮ್ಮ ಕೈಯಾರೆ ಹಿಡಿದರು.

ಅಜ್ಜಮಾಡ ದೇವಯ್ಯನವರಿಗೆ ಆ ಭಾಗ್ಯ ಒದಗಲಿಲ್ಲ. 1965ರ ಯುದ್ಧದಲ್ಲಿ, ಸೆಪ್ಟೆಂಬರ್ 7ರಂದು, ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋದ ಅವರ ಮಿಸ್ಟೇರ್ ವಿಮಾನ ಹಿಂದಿರುಗಲಿಲ್ಲ. ತಮ್ಮ ವಿಮಾನಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ವಿಮಾನವನ್ನು ಅವರು ಹೊಡೆದುರುಳಿಸಿದ್ದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸುಳಿವು ಸಿಕ್ಕಿದ್ದು 1979ರಲ್ಲಿ, ಪಾಕಿಸ್ತಾನದ ವಾಯುಪಡೆಯ ಬಗ್ಗೆ ವಿದೇಶಿ ಲೇಖಕರೊಬ್ಬರು ಬರೆದ ಪುಸ್ತಕದಿಂದ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಸ್ವೀಕರಿಸಿದವರು ಅವರ ಪತ್ನಿ. ನಮ್ಮ ಹುಡುಗನ ಸಾಹಸಕ್ಕೆ ಎದುರಾಳಿಯ ಕಡೆಯಿಂದ ಸಾಕ್ಷಿ ಬರಬೇಕಾಯಿತಲ್ಲ ಎಂದು ದೇವಯ್ಯ ವೃತ್ತ ದಾಟುವಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅದೇ ಯುದ್ಧಕ್ಕೆ ಹೋದ ಇಪ್ಪತ್ತರ ಹುಡುಗರು ಈಗ ಎಂಬತ್ತು ದಾಟಿದ್ದಾರೆ. 1971ರ ಯುದ್ಧದವರಿಗೂ ಎಪ್ಪತ್ತು ಕಳೆದಿದೆ. ಕೊಡಗಿನ ಹಳ್ಳಿಗಳಲ್ಲಿ, ಕಾಫಿ ತೋಟದ ನಡುವಿನ ಮನೆಗಳಲ್ಲಿ ಇವರಿದ್ದಾರೆ. ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಪೂಜೆಗಿಟ್ಟ ಕೋವಿಯ ತುದಿಗೆ ತೋಕ್‌ಪೂ (ಕೋವಿ ಹೂ) ಸಿಕ್ಕಿಸುತ್ತಾರೆ. ನವೆಂಬರ್ ಬಂತೆಂದರೆ, ತಾವಿನ್ನೂ ಬದುಕಿದ್ದೇವೆಂದು ತೋರಿಸಿ ಪಿಂಚಣಿ ಉಳಿಸಿಕೊಳ್ಳಬೇಕು. ತೋಟದ ಕೆಲಸದಲ್ಲಿ ಗೆರೆ ಸವೆದ ಹೆಬ್ಬೆರಳನ್ನು ಯಂತ್ರ ಒಪ್ಪುವುದಿಲ್ಲ. ಒರೆಸಿ ಇಡುತ್ತಾರೆ, ಮತ್ತೆ ಒರೆಸಿ ಇಡುತ್ತಾರೆ. ಹಿಂದೆ ನಿಂತವರು ಅವಸರಪಡಿಸುತ್ತಾರೆ.

ಸನ್ಮಾನ ನಡೆಯುವುದಿಲ್ಲವೆಂದಲ್ಲ. ರಾಷ್ಟ್ರೀಯ ಹಬ್ಬಗಳಂದು ವೇದಿಕೆಗೆ ಕರೆದು ಶಾಲು, ಹಾರ, ಹಣ್ಣಿನ ಬುಟ್ಟಿ ಕೊಡುತ್ತೇವೆ. ಆದರೆ ಮೈಕು ಗಣ್ಯರ ಕೈಯಲ್ಲೇ ಉಳಿಯುತ್ತದೆ. ನೀವು ಯಾವ ರೆಜಿಮೆಂಟು, ಎಲ್ಲಿದ್ದಿರಿ, ಜೊತೆಗಿದ್ದವರು ಯಾರು ಎಂದು ಆ ಹಿರಿಯರನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಮೊದಲು ಹೇಳುವುದು ವಾಪಸು ಬಾರದ ಗೆಳೆಯರ ಹೆಸರನ್ನು.

ಪ್ರತಿ ಪಂಚಾಯಿತಿಯಲ್ಲೂ ಇವರ ಮಾತಿಗೆಂದೇ ಒಂದು ಪುಸ್ತಕ ಇರಲಿ. ಪ್ರೌಢಶಾಲೆಯ ಮಕ್ಕಳು ಮನೆಗೇ ಹೋಗಿ ಬರೆದುಕೊಳ್ಳಲಿ, ದನಿಯನ್ನು ಮೊಬೈಲಿನಲ್ಲಿ ಹಿಡಿದಿಡಲಿ. ಮೊದಲು 1962 ಮತ್ತು 1965ರ ಯುದ್ಧಗಳಿಗೆ ಹೋದವರ ಮನೆಗೆ ಹೋಗಬೇಕು, ಈ ಮಳೆಗಾಲ ಮುಗಿಯುತ್ತಲೇ.