ಮಳೆ ಭವಿಷ್ಯಕ್ಕೂ ಬಂತು ಎಐ: ಯಾರ ಮಾತು ನಂಬೋದು, ಲೆಕ್ಕ ಹೇಗೆ ಇಡೋದು?

ಮುಂಗಾರು ಹತ್ತಿರ ಬಂತು ಅಂದ್ರೆ ಸಾಕು, ಮೊಬೈಲ್‌ನಲ್ಲಿ ಮಳೆ ಭವಿಷ್ಯದ ಸುರಿಮಳೆ. ಹವಾಮಾನ ಇಲಾಖೆ ಒಂದು ಹೇಳುತ್ತೆ, ಟಿವಿಯವರು ಇನ್ನೊಂದು, ವಾಟ್ಸಾಪ್ ಗ್ರೂಪಿನ ಫಾರ್ವರ್ಡ್ ಮತ್ತೊಂದು. ಈಗ ಎಐ ಕೂಡ ಸೇರಿಕೊಂಡಿದೆ. ಬೀಜ ತರುವ ರೈತರಿಗೆ, ಗೊಬ್ಬರ ದಾಸ್ತಾನು ಮಾಡುವ ಅಂಗಡಿಯವರಿಗೆ, ಕೊಡೆ-ಟಾರ್ಪಾಲ್ ತರಿಸುವ ವ್ಯಾಪಾರಿಗಳಿಗೆ ಇದು ನೇರವಾಗಿ ದುಡ್ಡಿನ ಪ್ರಶ್ನೆ. ಹಾಗಾಗಿ ಯಾವ ಮುನ್ಸೂಚನೆ ಎಲ್ಲಿಂದ ಬರುತ್ತೆ, ಅದನ್ನ ಹೇಗೆ ಓದಬೇಕು ಅನ್ನೋ ವಿವರ ಇಲ್ಲಿದೆ.

2025ರಲ್ಲಿ ಏನಾಯ್ತು?

ಕೇಂದ್ರ ಕೃಷಿ ಸಚಿವಾಲಯ 2025ರ ಮುಂಗಾರಿನಲ್ಲಿ 13 ರಾಜ್ಯಗಳ ಸುಮಾರು 3.88 ಕೋಟಿ ರೈತರಿಗೆ ಎಐ ಆಧಾರಿತ ಮುನ್ಸೂಚನೆಯನ್ನ ಎಸ್ಸೆಮ್ಮೆಸ್ ಮೂಲಕ ಕಳಿಸಿತು. ಗೂಗಲ್‌ನ ನ್ಯೂರಲ್‌ಜಿಸಿಎಂ, ಯುರೋಪಿನ ಹವಾಮಾನ ಕೇಂದ್ರದ ಎಐಎಫ್‌ಎಸ್ ಅನ್ನೋ ಎರಡು ಮಾದರಿಗಳಿಗೆ ನಮ್ಮ ಹವಾಮಾನ ಇಲಾಖೆಯ 125 ವರ್ಷಗಳ ಮಳೆ ದಾಖಲೆ ಬೆರೆಸಿ ತಯಾರಿಸಿದ ಮುನ್ಸೂಚನೆ ಅದು. ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು, ಎರಡೇ ದಿನದಲ್ಲಿ ಮುಂಬೈ ಮುಟ್ಟಿತು. ಆಮೇಲೆ ಸುಮಾರು ಮೂರು ವಾರ ನಿಂತಲ್ಲೇ ನಿಂತುಬಿಡ್ತು. ಈ ನಿಲುಗಡೆಯನ್ನ ಎಐ ಮಾದರಿ ಮೊದಲೇ ಹಿಡಿದಿತ್ತು. ಮಧ್ಯಪ್ರದೇಶ, ಬಿಹಾರದಲ್ಲಿ ಫೋನ್ ಮಾಡಿ ವಿಚಾರಿಸಿದಾಗ ಶೇ. 31ರಿಂದ 52ರಷ್ಟು ರೈತರು ಮೆಸೇಜ್ ನೋಡಿ ಬಿತ್ತನೆ ಲೆಕ್ಕಾಚಾರ ಬದಲಿಸಿದ್ದರು.

ಮೆಸೇಜ್ ಹೋಗಿದ್ದು ಹಿಂದಿ, ಒಡಿಯಾ, ಮರಾಠಿ, ಬಂಗಾಳಿ, ಪಂಜಾಬಿಯಲ್ಲಿ. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ನಮ್ಮ ಜನಪ್ರತಿನಿಧಿಗಳು ಇದನ್ನ ಕೇಳಬೇಕಿತ್ತು.

ಇಲ್ಲಿ ಒಂದು ವಿಷಯ ಗಮನಿಸಿ. ಕೇರಳಕ್ಕೆ ಮುಂಗಾರು ಬಂದ ದಿನ ಬೇರೆ, ನಿಮ್ಮ ಹೊಲಕ್ಕೆ ಬಿತ್ತೋ ಮಳೆ ಬಂದ ದಿನ ಬೇರೆ. ಎರಡು ದಿನ ಜೋರಾಗಿ ಸುರಿದು ಹದಿನೈದು ದಿನ ಕೈಕೊಟ್ರೆ ಬೀಜ ಮಣ್ಣಲ್ಲೇ ಸಾಯುತ್ತೆ, ಮರುಬಿತ್ತನೆಗೆ ಮತ್ತೆ ಸಾಲ. ಆ ಎಸ್ಸೆಮ್ಮೆಸ್ ಹೇಳಲು ಹೊರಟಿದ್ದು ಈ ಎರಡನೇ ದಿನವನ್ನ.

ಎಐ ಅಂದ್ರೆ ಎಲ್ಲ ಒಂದೇ ಅಲ್ಲ

ಮೊಬೈಲ್‌ನಲ್ಲಿ ಚಾಟ್‌ಜಿಪಿಟಿ ತರದ್ದನ್ನ ತೆಗೆದು "ನಮ್ಮೂರಿಗೆ ಮಳೆ ಯಾವಾಗ" ಅಂತ ಕೇಳೋರು ಹೆಚ್ಚಾಗಿದ್ದಾರೆ. ಅದು ಮಾತು ಜೋಡಿಸುವ ಎಐ. ಇಂಟರ್ನೆಟ್‌ನಲ್ಲಿ ಸಿಕ್ಕಿದ್ದನ್ನ ಚೆಂದವಾಗಿ ಹೇಳಬಹುದು, ತಾನಾಗಿ ಮೋಡದ ಲೆಕ್ಕ ಹಾಕಲ್ಲ. ಹವಾಮಾನದ ಎಐ ಬೇರೆಯೇ ಜಾತಿ. ಹಳೇ ಗಾಳಿ, ಉಷ್ಣಾಂಶ, ತೇವಾಂಶದ ದಾಖಲೆ ನೋಡಿ "ಹಿಂದೆ ಹೀಗಿದ್ದಾಗ ಮುಂದೆ ಹಾಗಾಗಿತ್ತು" ಅನ್ನೋದನ್ನ ಅದು ಕಲಿತಿರುತ್ತೆ. ಗೂಗಲ್‌ನ ಗ್ರಾಫ್‌ಕಾಸ್ಟ್ ಮಾದರಿಗೆ 1979ರಿಂದ 2017ರವರೆಗಿನ ದಾಖಲೆ ಉಣಿಸಿದ್ದರು. ಹತ್ತು ದಿನದ ಮುನ್ಸೂಚನೆಯನ್ನ ಅದು ಒಂದು ನಿಮಿಷದೊಳಗೆ ಕೊಡುತ್ತೆ.

ಹಳೇ ಪದ್ಧತಿ ಭೌತಶಾಸ್ತ್ರದ ಸಮೀಕರಣ, ಸೂಪರ್ ಕಂಪ್ಯೂಟರ್‌ದು. ಅದೂ ಸುಮ್ನೆ ಕೂತಿಲ್ಲ. ಪುಣೆಯ ಐಐಟಿಎಂ ಸಿದ್ಧಪಡಿಸಿದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ 2025ರ ಮೇ ತಿಂಗಳಿಂದ ಬಳಕೆಯಲ್ಲಿದೆ. ಮೊದಲು 12 ಕಿಲೋಮೀಟರ್‌ಗೆ ಒಂದು ಚೌಕ ಇತ್ತು, ಈಗ 6 ಕಿಲೋಮೀಟರ್‌ಗೆ ಒಂದು.

ಎಐಗೆ ಬುದ್ಧಿ ಬಂದಿದ್ದು ಯಾರೋ ದಿನಾ ಬೆಳಗ್ಗೆ ಮಳೆಮಾಪಕ ನೋಡಿ ಬರೆದಿಟ್ಟಿದ್ದರಿಂದ. ಕರ್ನಾಟಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ತಾನಾಗಿ ಮಾಹಿತಿ ಕಳಿಸುವ ಮಳೆಮಾಪಕ ಇಟ್ಟಿದೆ. ಅದರ ಬಾಯಿಗೆ ಎಲೆ, ಕಸ ತುಂಬಿದ್ರೆ, ಪಕ್ಕದಲ್ಲಿ ಮರ ಬೆಳೆದ್ರೆ ಲೆಕ್ಕ ತಪ್ಪುತ್ತೆ. ಬೆಳೆ ವಿಮೆಗೂ ಈ ಅಂಕಿಯೇ ಆಧಾರ ಆಗೋ ಬೆಳೆಗಳಿವೆ. ನಿಮ್ಮ ಪಂಚಾಯಿತಿಯ ಮಾಪಕ ಹೇಗಿದೆ ಅಂತ ಒಂದ್ಸಲ ನೋಡಿ ಬನ್ನಿ.

ಅಜ್ಜಂದಿರ ಮಳೆ ನಕ್ಷತ್ರದ ಲೆಕ್ಕವೂ ಒಂದು ದಾಖಲೆಯೇ. ರೋಹಿಣಿ ಮೇ 25ರ ಸುಮಾರಿಗೆ, ಮೃಗಶಿರಾ ಜೂನ್ 8ಕ್ಕೆ, ಆರಿದ್ರಾ 22ಕ್ಕೆ. ಯಾವ ಮಳೆಗೆ ಯಾವ ಬೆಳೆ ಅನ್ನೋದು ಆ ಊರಿನ ಮಣ್ಣು ನೋಡಿ ಕಟ್ಟಿದ ಅನುಭವ, ಬಾಯಿಂದ ಬಾಯಿಗೆ ಬಂದಿದ್ದು. ಆದ್ರೆ ಅದು ಸರಾಸರಿ ಹೇಳುತ್ತೆ, ಈ ವರ್ಷದ್ದು ಹೇಳಲ್ಲ.

"ಒಂದೆರಡು ಕಡೆ" ಅಂದ್ರೆ ಎಷ್ಟು?

ರೇಡಿಯೋದಲ್ಲಿ ಬರೋ ಈ ಪದಗಳು ಬಾಯಿಗೆ ಬಂದಂಗೆ ಹೇಳೋದಲ್ಲ, ಲೆಕ್ಕ ಇದೆ. "ಒಂದೆರಡು ಕಡೆ" ಅಂದ್ರೆ ಆ ಭಾಗದ ಮಳೆಮಾಪನ ಕೇಂದ್ರಗಳಲ್ಲಿ ಶೇ. 25ರವರೆಗೆ ಮಾತ್ರ. "ಕೆಲವು ಕಡೆ" ಶೇ. 26ರಿಂದ 50, "ಹಲವು ಕಡೆ" 51ರಿಂದ 75, "ಬಹುತೇಕ ಕಡೆ" ಅಂದ್ರೆ ಅದಕ್ಕಿಂತ ಹೆಚ್ಚು. ಹಾಗಾಗಿ "ಒಂದೆರಡು ಕಡೆ ಮಳೆ" ಅಂದ ದಿನ ನಿಮ್ಮೂರು ಒಣಗಿದ್ರೆ ಇಲಾಖೆಯ ಮಾತು ಸುಳ್ಳಾಯ್ತು ಅಂತಲ್ಲ. "ಭಾರೀ ಮಳೆ" ಅಂದ್ರೆ 24 ಗಂಟೆಯಲ್ಲಿ 64.5 ಮಿ.ಮೀ.ನಿಂದ ಶುರು. ಹಳದಿ ಅಲರ್ಟ್ ಅಂದ್ರೆ ಗಮನ ಇಡಿ, ಕಿತ್ತಳೆ ಅಂದ್ರೆ ತಯಾರಾಗಿ, ಕೆಂಪು ಅಂದ್ರೆ ಈಗಲೇ ಕ್ರಮ ತಗೊಳ್ಳಿ.

ಇಲಾಖೆ ಎಡವಿದ್ದೂ ಇದೆ. 2002ರಲ್ಲಿ ವಾಡಿಕೆಯ ಶೇ. 101ರಷ್ಟು ಮಳೆ ಅಂದಿತ್ತು, ಬಂದಿದ್ದು ಶೇ. 81, ದೇಶಕ್ಕೆ ಬರ. 2025ರಲ್ಲಿ ಶೇ. 106 ಅಂದಿತ್ತು, ಬಂದಿದ್ದು 108.

ಯಾರು ಸರಿ ಅಂತ ತಿಳಿಯೋದು ಹೇಗೆ?

ಇದಕ್ಕೆ ಅಮೆರಿಕದ ಹವಾಮಾನ ತಜ್ಞ ಗ್ಲೆನ್ ಬ್ರೈಯರ್ 1950ರಲ್ಲೇ ಒಂದು ಅಂಕ ಪದ್ಧತಿ ಮಾಡಿಟ್ಟಿದ್ದಾರೆ. ಅಂಗಡಿ ಕ್ಯಾಲೆಂಡರ್‌ನಲ್ಲೇ ಮಾಡಬಹುದು. ಒಬ್ಬರು "ನಾಳೆ ಮಳೆ ಶೇ. 80" ಅಂದ್ರು ಅಂತಿಟ್ಕೊಳ್ಳಿ. ಮಳೆ ಬಂದ್ರೆ 1ರಲ್ಲಿ 0.8 ಕಳೆದು ಉಳಿದದ್ದನ್ನ ಅದರಿಂದಲೇ ಗುಣಿಸಿ: 0.04. ಬರಲಿಲ್ಲ ಅಂದ್ರೆ 0.8ನ್ನೇ ಅದರಿಂದ ಗುಣಿಸಿ: 0.64. ತಿಂಗಳ ಸರಾಸರಿ ತೆಗೀರಿ. ಅಂಕ ಕಮ್ಮಿ ಇದ್ದಷ್ಟೂ ಒಳ್ಳೇದು. ಯಾವಾಗಲೂ "ಫಿಫ್ಟಿ-ಫಿಫ್ಟಿ" ಅನ್ನೋರಿಗೆ 0.25 ಸಿಗುತ್ತೆ. ಅದಕ್ಕಿಂತ ಜಾಸ್ತಿ ಬಂದೋರ ಮಾತು ಕೇಳೋದಕ್ಕಿಂತ ನಾಣ್ಯ ಚಿಮ್ಮೋದೇ ವಾಸಿ.

ಫಿಲಿಪ್ ಟೆಟ್ಲಾಕ್ ಅನ್ನೋ ಅಮೆರಿಕದ ಸಂಶೋಧಕರು ರಾಜಕೀಯ, ಆರ್ಥಿಕತೆ ಬಗ್ಗೆ ಭವಿಷ್ಯ ಹೇಳುವ 284 ತಜ್ಞರ ಮಾತನ್ನ ಸುಮಾರು 20 ವರ್ಷ ಹೀಗೇ ಬರೆದಿಟ್ಟು 2005ರಲ್ಲಿ ಪ್ರಕಟಿಸಿದರು. ಹೆಸರು ಮಾಡಿದ ತಜ್ಞರೇ ಹೆಚ್ಚು ತಪ್ಪು ಮಾಡಿದ್ದರು. ಟಿವಿ ಚರ್ಚೆ ನೋಡೋರಿಗೆ ಇದೇನು ಹೊಸದಲ್ಲ ಬಿಡಿ.

ಲೆಕ್ಕ ಇಡೋದಾದ್ರೆ ಭವಿಷ್ಯ ಹೇಳಿದ ದಿನವೇ ಬರೀರಿ: ಯಾರು, ಯಾವ ದಿನಕ್ಕೆ, ಯಾವ ಜಾಗಕ್ಕೆ, ಎಷ್ಟು ಅಂತ. ತಾರೀಖು ಇಲ್ಲದ "ಈ ಸಲ ಒಳ್ಳೆ ಮಳೆ" ಅನ್ನೋ ಮಾತಿಗೆ ಅಂಕ ಕೊಡೋಕಾಗಲ್ಲ. ಇಲಾಖೆಯ ಮೇಘದೂತ್ ಆ್ಯಪ್ ಕನ್ನಡದಲ್ಲೂ ಸಿಗುತ್ತೆ, ಸಿಡಿಲಿಗೆ ದಾಮಿನಿ ಆ್ಯಪ್ ಇದೆ. ಊರಿನ ಮಳೆ ಮಾಹಿತಿಗೆ ರಾಜ್ಯದ ವರುಣ ಮಿತ್ರ ಸಹಾಯವಾಣಿ 92433 45433, ದಿನದ 24 ಗಂಟೆಯೂ ಕರೆ ಮಾಡಬಹುದು.