ಮಾರ್ಪಡದ ಅಕ್ಷರಗಳು

ಒಂದೇ ಕಾವ್ಯದ ಹಲವು ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡ ಸಂಪಾದಕನು ಪಾಠಾಂತರಗಳನ್ನು ಹೋಲಿಸಿ, ಯಾವ ಪ್ರತಿಯು ಯಾವುದರಿಂದ ಹುಟ್ಟಿತೆಂಬುದನ್ನು ಊಹಿಸುವನು. ಜೀವರಸಾಯನಶಾಸ್ತ್ರಜ್ಞರು ಇಂತಹದೇ ಪಾಠಪರಿಶೋಧನೆಯನ್ನು ಪ್ರೋಟೀನುಗಳಲ್ಲಿ ನಡೆಸಿ, ಅವುಗಳ ಮರ್ಮಸ್ಥಾನಗಳನ್ನು ಗುರುತಿಸಿದ ಚರಿತ್ರೆಯು ಸ್ವಾರಸ್ಯವಾದುದು.

ಪ್ರೋಟೀನೆಂಬುದು 20 ಬಗೆಯ ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಸರ. ಸರವು ಮಡಿಸಿಕೊಂಡು ಒಂದು ಆಕಾರವನ್ನು ತಾಳಿದಾಗ, ಮುಖ್ಯ ಕಾರ್ಯವು ಕೆಲವೇ ಮಣಿಗಳು ಕೂಡುವ ಎಡೆಯಲ್ಲಿ ನಡೆಯುವುದುಂಟು. ಆಹಾರವನ್ನು ಜೀರ್ಣಿಸುವ ಕೈಮೋಟ್ರಿಪ್ಸಿನ್ನಿನ 57, 102, 195ನೆಯ ಮಣಿಗಳು ಸರದಲ್ಲಿ ದೂರವಿದ್ದರೂ, ಮಡಿಕೆಯಲ್ಲಿ ಒಂದೆಡೆ ಸೇರಿ ಛೇದನಕಾರ್ಯವನ್ನು ಸಾಗಿಸುತ್ತವೆ.

ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರನು 1955ರ ವೇಳೆಗೆ ಇನ್ಸುಲಿನ್ನಿನ 51 ಮಣಿಗಳ ಕ್ರಮವನ್ನೂ ಜೋಡಣೆಯನ್ನೂ ಓದಿ ಮುಗಿಸಿದನು. ಅಮೆರಿಕೆಯ ಮಾರ್ಗರೆಟ್ ಡೇಹಾಫ್ ಎಂಬಾಕೆ ಸಂಗಡಿಗರೊಡನೆ 1965ರಲ್ಲಿ 65 ಪ್ರೋಟೀನುಗಳ ಪಾಠಗಳನ್ನು ಒಂದು ಗ್ರಂಥದಲ್ಲಿ ಸಂಗ್ರಹಿಸಿದಳು. ಒಂದೊಂದು ಆಮ್ಲಕ್ಕೂ ಒಂದೊಂದೇ ಅಕ್ಷರದ ಸಂಕೇತವನ್ನು ರೂಪಿಸಿ, ಗಣಕಯಂತ್ರವು ಅವನ್ನು ಹೋಲಿಸುವುದಕ್ಕೆ ದಾರಿಮಾಡಿದವಳೂ ಆಕೆಯೇ.

ಹೋಲಿಸಿದಾಗ ಕಂಡುದೇನು? ಕೈಮೋಟ್ರಿಪ್ಸಿನ್ನಿನ ದಾಯಾದಿಯಾದ ಟ್ರಿಪ್ಸಿನ್ನಿನಲ್ಲಿಯೂ ಆ ಮೂರು ಮಣಿಗಳು ಹಾಗೆಯೇ ಉಳಿದಿವೆ. ಅವು ಕೆಟ್ಟರೆ ಕಾರ್ಯವೇ ಕೆಡುವುದು. ಆದರೆ 189ನೆಯ ಮಣಿಯು ಒಂದರಲ್ಲಿ ಸೆರೀನ್, ಇನ್ನೊಂದರಲ್ಲಿ ಆಸ್ಪಾರ್ಟಿಕ್ ಆಮ್ಲ. ಸರವನ್ನು ಎಲ್ಲಿ ಕತ್ತರಿಸಬೇಕೆಂಬುದರಲ್ಲಿ ಈ ಭೇದಕ್ಕೆ ದೊಡ್ಡ ಪಾಲುಂಟು. ಆದುದರಿಂದ ಕುಲಕ್ಕೆಲ್ಲ ಸಮಾನವಾದುದನ್ನಷ್ಟೇ ಅಲ್ಲ, ಒಂದೊಂದು ಶಾಖೆಯೊಳಗೆ ಮಾತ್ರ ಸ್ಥಿರವಾದುದನ್ನೂ ಅರಸಬೇಕು. 1996ರಲ್ಲಿ ಲಿಖ್ಟಾರ್ಜ್, ಬೋರ್ನ್, ಕೋಹೆನ್ ಎಂಬ ಮೂವರು ವಂಶವೃಕ್ಷವನ್ನು ಶಾಖೆಗಳಾಗಿ ವಿಂಗಡಿಸಿ, ಇಂತಹ ಮಣಿಗಳನ್ನು ಪ್ರೋಟೀನಿನ ಆಕೃತಿಯ ಮೇಲೆ ಗುರುತಿಸಿದರು. ಅವು ಗುಂಪುಗೂಡಿದ ಎಡೆಯೇ ಮರ್ಮಸ್ಥಾನವೆಂದು ಅವರ ವಿಧಾನವು ಸೂಚಿಸಿತು.

ಪ್ರೋಟೀನಿನ ಆಕೃತಿಯನ್ನು ಗಣಕಯಂತ್ರದಿಂದಲೇ ಊಹಿಸಿದ ಹಸಾಬಿಸ್ ಮತ್ತು ಜಂಪರ್ ಎಂಬವರು 2024ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಆದರೂ ಆಕೃತಿಯನ್ನು ಬಲ್ಲೆವೆಂದ ಮಾತ್ರಕ್ಕೆ ಕಾರ್ಯವನ್ನು ಬಲ್ಲಂತಾಗಲಿಲ್ಲ. ಕುಡುಗೋಲುಕಣ ರೋಗದ ವಿಷಯವನ್ನೇ ನೋಡಬಹುದು. ರಕ್ತದ ಹೀಮೋಗ್ಲೋಬಿನ್ನಿನ ಬೀಟಾ ಸರದಲ್ಲಿ 146 ಮಣಿಗಳಿವೆ. ಅದರ 6ನೆಯ ಮಣಿಯು ಆಮ್ಲಜನಕವನ್ನು ಹಿಡಿಯುವ ಎಡೆಗೆ ದೂರವಾಗಿ ಹೊರಮೈಯಲ್ಲಿದೆ. ಅಲ್ಲಿ ಗ್ಲುಟಾಮಿಕ್ ಆಮ್ಲಕ್ಕೆ ಬದಲಾಗಿ ವ್ಯಾಲೀನ್ ಬಂದುದೇ ರೋಗದ ಮೂಲವೆಂದು 1957ರಲ್ಲಿ ವರ್ನನ್ ಇಂಗ್ರಾಮನು ತೋರಿಸಿದ್ದನು. ಆ ಒಂದು ಮಾರ್ಪಾಟಿನಿಂದ ಹೀಮೋಗ್ಲೋಬಿನ್ನುಗಳು ಒಂದಕ್ಕೊಂದು ಅಂಟಿಕೊಂಡು ರಕ್ತಕಣಗಳನ್ನು ವಿಕಾರಗೊಳಿಸುತ್ತವೆ. ಕಾರ್ಯಸ್ಥಾನವನ್ನು ಮಾತ್ರ ಕಾಯುತ್ತ ಕುಳಿತವನಿಗೆ ಈ ವಿಪತ್ತು ಕಾಣದು. ಗಣಕಯಂತ್ರವು ಬೆರಳಿಟ್ಟು ತೋರಿಸಿದ ಮಣಿಯನ್ನು ಪ್ರಯೋಗಶಾಲೆಯಲ್ಲಿ ಬದಲಿಸಿ ನೋಡುವ ತನಕ ಊಹೆಯು ಊಹೆಯಾಗಿಯೇ ಉಳಿಯುವುದು.